ಕಾರಿಡಾರಿನ ಹತ್ತು ನಿಮಿಷ

ಸಂಡರ್‌ಲ್ಯಾಂಡ್
5 ಮಾರ್ಚ್ 2024

ಪ್ರೀತಿಯ ಅಗ್ನೆಸ್,

ಬೆಳಿಗ್ಗೆ ಆಫೀಸಿಗೆ ಬಂದು ಕೋಟು ಬಿಚ್ಚುತ್ತಿದ್ದಾಗ ನ್ಯಾಯಾಧೀಶರ ಆಯ್ಕೆ ಆಯೋಗದ ಇಮೇಲ್ ಕಂಡಿತು. ಒಂದು ತೋಳು ಕೋಟಿನೊಳಗಿರುವಾಗಲೇ ಓದಿದೆ. ನನ್ನ ಬಗ್ಗೆ ಅಭಿಪ್ರಾಯ ಬರೆದುಕೊಡಲು ನಾನು ಹೆಸರಿಸಿದ್ದ ಇಬ್ಬರಲ್ಲಿ ಒಬ್ಬರು, ಅಂದರೆ ಮಿಸ್ ಎ. ಹಾಲ್‌ಕ್ರೋ, ನೀವೇ, ಬರೆಯಲು ನಿರಾಕರಿಸಿದ್ದಾರಂತೆ. ಏಪ್ರಿಲ್ 19ರೊಳಗೆ ಬೇರೆ ಹೆಸರು ಕೊಡಬೇಕಂತೆ. ಇಲ್ಲವಾದರೆ ಅರ್ಜಿ ಮುಂದೆ ಹೋಗುವುದಿಲ್ಲವಂತೆ.

ಏನೋ ತಪ್ಪಾಗಿದೆ ಎಂದುಕೊಂಡು ಅವರ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, "ತಪ್ಪೇನಿಲ್ಲ ಮೇಡಂ, ಅವರೇ ಉತ್ತರ ಕಳಿಸಿದಾರೆ, ಒಂದೇ ಸಾಲು" ಅಂದಳು.

"ಏನಂತ?"

"ಅದನ್ನ ಹೇಳೋ ಹಾಗಿಲ್ಲ ಮೇಡಂ."

ಜನವರಿಯಲ್ಲಿ ನಾನು ಕೇಳಿದಾಗ ನೀವು ಕಾರ್ಡಿನಲ್ಲಿ 'ಖಂಡಿತ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಎರಡು ತಿಂಗಳಲ್ಲಿ ಏನಾಯಿತು? ಈ ಕಾನೂನು ನೆರವು ಕೇಂದ್ರದಲ್ಲಿ ಹನ್ನೆರಡು ವರ್ಷ ನಿಮ್ಮ ಕೈಕೆಳಗೆ ಕೆಲಸ ಕಲಿತವಳು ನಾನು. ಅಂಗವೈಕಲ್ಯ ಭತ್ಯೆ ಸಿಗದವರು ಮೇಲ್ಮನವಿ ಹಾಕಿ ನ್ಯಾಯಮಂಡಳಿಗೆ ಬಂದಾಗ ಅವರ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತಿದ್ದೇನೆ. ಈಗ ಮೇಜಿನ ಆಚೆ ಕೂರಬೇಕು ಎನಿಸಿದೆ, ತಿಂಗಳಿಗೆ ಎರಡು ಮೂರು ದಿನವಾದರೂ. ಅರೆಕಾಲಿಕ ನ್ಯಾಯಾಧೀಶೆ. ಇಷ್ಟು ಆಸೆಪಟ್ಟು ನಾನು ಬೇರೆ ಏನನ್ನೂ ಕೇಳಿಲ್ಲ. ನನ್ನಮ್ಮ ಆಗಲೇ ಶುರುಮಾಡಿದ್ದಾಳೆ: "ಜಡ್ಜ್ ಆದ್ಮೇಲೆ ನೀನು ಮನೆಗೆ ಬಂದಾಗೆಲ್ಲ ನಾನು ಎದ್ದು ನಿಲ್ಬೇಕೇನೇ? ನನ್ ಮಂಡಿ ಕಥೆ ಗೊತ್ತಲ್ಲ."

ಅರ್ಜಿಯಲ್ಲಿ ನನ್ನ ಕೆಲಸಕ್ಕೆ ನಾನು ಬರೆದ ಉದಾಹರಣೆಗಳಲ್ಲಿ ನಿಮಗೆ ಏನಾದರೂ ಹಿಡಿಸಲಿಲ್ಲವೇ? ಆಯೋಗ ನಿಮಗೆ ಅವನ್ನೆಲ್ಲ ಕಳಿಸಿರುತ್ತದೆ. ನಾನು ಎಲ್ಲಕ್ಕಿಂತ ಮೊದಲು ಬರೆದದ್ದು ನಾರ್ಮನ್ ಪರ್ವಿಸ್ ಅವರದು. ನಿಮಗೆ ನೆನಪಿರಬೇಕು, ಹಡಗಿನಂಗಳದಲ್ಲಿ ಬೆಸುಗೆ ಕೆಲಸ ಮಾಡಿ ಬೆರಳು ಮರಗಟ್ಟಿದ್ದವರು. ಅದನ್ನು ಇಲ್ಲಿ ಇಳಿಸುತ್ತೇನೆ:

'ವಿಚಾರಣೆ ಶುರುವಾಗುವ ಮುನ್ನ ಪೀಠದ ಅಧ್ಯಕ್ಷರು, ಮುಂದುವರಿದರೆ ಈಗಿರುವ ಅಲ್ಪ ಭತ್ಯೆಯೂ ಹೋಗಬಹುದು ಎಂದು ಎಚ್ಚರಿಸಿ, ಹೊರಗೆ ಹೋಗಿ ಯೋಚಿಸಲು ಹತ್ತು ನಿಮಿಷ ಕೊಟ್ಟರು. ನನ್ನ ಕಕ್ಷಿದಾರರು ಸಿಟ್ಟಾಗಿದ್ದರು, ಒಳಗೆ ಹೋಗಿ ಮಾತನಾಡಲೇಬೇಕು ಎನ್ನುತ್ತಿದ್ದರು. ನಾನು ಶಾಂತವಾಗಿ, ಸರಳ ಮಾತಿನಲ್ಲಿ ಅಪಾಯವನ್ನು ವಿವರಿಸಿದೆ. ಅವರು ತಾವೇ ನಿರ್ಧರಿಸಿ ಮೇಲ್ಮನವಿ ಹಿಂತೆಗೆದುಕೊಂಡರು, ಇದ್ದದ್ದು ಉಳಿಯಿತು. ಹೊರಡುವಾಗ ನನ್ನ ಕೈ ಹಿಡಿದು ಧನ್ಯವಾದ ಹೇಳಿದರು.'

ಇದರಲ್ಲಿ ಹೆಚ್ಚೇನೂ ಕೊಚ್ಚಿಕೊಂಡಿಲ್ಲ ಎಂದುಕೊಂಡಿದ್ದೇನೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಗೊತ್ತು. ದಯವಿಟ್ಟು ಬರೆಯಿರಿ.

ನಿಮ್ಮ
ಲೊರೇನ್


ವೆಸ್ಟ್ರೇ ದ್ವೀಪ, ಆರ್ಕ್ನಿ
11 ಮಾರ್ಚ್ 2024

ಪ್ರೀತಿಯ ಲೊರೇನ್,

ಗಾಳಿಗೆ ನಾಲ್ಕು ದಿನ ಹಡಗು ಬಂದಿರಲಿಲ್ಲ. ನಿನ್ನ ಕಾಗದ ಇವತ್ತು ಪಕ್ಕದ ಮನೆಯವರ ಕುರಿಗಳ ಔಷಧಿಯ ಜೊತೆ ಬಂತು.

ನನ್ನ ಕಣ್ಣು ಮೊದಲಿನ ಹಾಗಿಲ್ಲ. ಆಯೋಗದ ಫಾರಂ ನೋಡಬೇಕಾದರೆ ಪಕ್ಕದ ಮನೆಯ ಕಂಪ್ಯೂಟರಿನ ಮುಂದೆ ಕೂರಬೇಕು, ಅವರ ನಾಯಿ ನನ್ನ ಕಾಲ ಮೇಲೆ ಮಲಗುತ್ತದೆ. ಅದಿರಲಿ. ನಾನು ಕೆಲಸ ಬಿಟ್ಟು ಏಳು ವರ್ಷವಾಯಿತು. ಈಚೆಗೆ ನಿನ್ನ ಕೆಲಸ ಕಂಡವರು ಬರೆದರೆ ತೂಕ ಹೆಚ್ಚು. ಡರಮ್‌ನ ಆ ವಕೀಲನಿದ್ದಾನಲ್ಲ, ಸದಾ ಕೆಮ್ಮುವವನು, ಅವನನ್ನು ಕೇಳು. ನಿನ್ನ ಬಗ್ಗೆ ಅವನಿಗೆ ಗೌರವವಿದೆ.

ಇನ್ನೊಂದು ಮಾತು. ಪರ್ವಿಸ್ ಅವರ ಉದಾಹರಣೆಯನ್ನು ತೆಗೆಯಲು ಸಾಧ್ಯವಿದ್ದರೆ ತೆಗೆದುಬಿಡು. ತೀರ ಹಳೆಯದಾಯಿತು. ಕಿವುಡ ದಂಪತಿಯ ಪ್ರಕರಣ ನೀನು ಚೆನ್ನಾಗಿ ನಡೆಸಿದ್ದೆ, ಅದನ್ನು ಹಾಕು.

ಇಲ್ಲಿ ಕುರಿಗಳು ಮರಿ ಹಾಕುವ ಕಾಲ. ಬೆಥ್‌ಗೆ ಹನ್ನೊಂದು ತುಂಬಿತಲ್ಲವೇ? ಅವಳಿಗೆ ನನ್ನ ಪ್ರೀತಿ.

ಅಗ್ನೆಸ್


ಸಂಡರ್‌ಲ್ಯಾಂಡ್
15 ಮಾರ್ಚ್ 2024

ಅಗ್ನೆಸ್,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕಣ್ಣು, ನಾಯಿ, ಕೆಮ್ಮುವ ವಕೀಲ. ಇಪ್ಪತ್ತು ವರ್ಷದ ಪರಿಚಯಕ್ಕೆ ಇಷ್ಟೇ ಉತ್ತರವೇ? ಅರ್ಜಿ ಕಳಿಸಿದ ಮೇಲೆ ಒಂದಕ್ಷರವನ್ನೂ ಬದಲಾಯಿಸುವ ಹಾಗಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪರ್ವಿಸ್ ಪ್ರಕರಣ ಯಾಕೆ ಬೇಡ? ನೀವು ಇದ್ದಾಗ ನಿಮ್ಮ ಸಹಾಯವಿಲ್ಲದೆ ನಾನೊಬ್ಬಳೇ ಮಾಡಿದ್ದು ಅದೊಂದೇ ಎಂತಲೇ? ಆ ದಿನ ನೀವು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಿರಿ. ನಾನು ಏಳು ತಿಂಗಳ ಬಸುರಿ. ವಿಚಾರಣೆಗೆ ಅರ್ಧ ಗಂಟೆ ಇರುವಾಗ ನಿಮ್ಮ ಫೈಲು ನನ್ನ ಕೈಗೆ ಬಂತು. ಓಡಿದೆ, ಮಾಡಿದೆ. ಇಂಥ ಕೆಲಸ ನನ್ನಿಂದ ಆಗುತ್ತದೆ ಎಂದು ನನಗೆ ಮೊದಲ ಸಲ ಅನಿಸಿದ್ದು ಆ ಕಾರಿಡಾರಿನಲ್ಲಿ. ಈ ಹುದ್ದೆಯ ಆಸೆ ಹುಟ್ಟಿದ್ದೂ ಅಲ್ಲೇ.

ಹೇಳಬಾರದ್ದನ್ನು ಹೇಳಿಬಿಡುತ್ತೇನೆ. ನೀವು ಯಾವತ್ತೂ ಈ ಹುದ್ದೆಗೆ ಅರ್ಜಿ ಹಾಕಲಿಲ್ಲ. ಆಫೀಸಿನಲ್ಲಿ ಎಲ್ಲರೂ ಕೇಳುತ್ತಿದ್ದರು. "ನನಗೆ ಬಡವರ ಪಕ್ಕದ ಕುರ್ಚಿಯೇ ಸಾಕು" ಎನ್ನುತ್ತಿದ್ದಿರಿ. ನಾವೆಲ್ಲ ಅದನ್ನು ದೊಡ್ಡತನ ಎಂದುಕೊಂಡಿದ್ದೆವು. ಅದು ಸೋಲುವ ಭಯವಾಗಿತ್ತೇನೋ ಎಂದು ಈಗ ಅನಿಸುತ್ತಿದೆ. ನೀವು ಹೋಗಲಾರದ ಕಡೆಗೆ ನಿಮ್ಮ ಕೈಯಲ್ಲಿ ಕಲಿತವಳು ಹೋಗುವುದನ್ನು ನೋಡುವುದು ಕಷ್ಟವಿರಬಹುದು.

ಈ ಕಾಗದವನ್ನು ನಾಳೆ ಬೆಳಿಗ್ಗೆ ಓದಿದರೆ ಕಳಿಸಲಾರೆ. ಅದಕ್ಕೇ ಈಗಲೇ ಅಂಚೆ ಡಬ್ಬಕ್ಕೆ ಹಾಕುತ್ತಿದ್ದೇನೆ.

ಲೊರೇನ್


ವೆಸ್ಟ್ರೇ
21 ಮಾರ್ಚ್ 2024

ಲೊರೇನ್,

ಕೂತು ಓದು. ಬೆಥ್ ಮನೆಯಲ್ಲಿದ್ದರೆ ಅವಳು ಮಲಗಿದ ಮೇಲೆ ಓದು.

ನಾರ್ಮನ್ ಪರ್ವಿಸ್ ತೀರಿಕೊಂಡು ಹನ್ನೊಂದು ವರ್ಷವಾಯಿತು.

ವಿಚಾರಣೆ ನಡೆದದ್ದು 2012ರ ನವೆಂಬರ್ 14ರಂದು. ಮೂರು ವಾರದ ಮೇಲೆ, ನೀನು ಹೆರಿಗೆ ರಜೆಗೆ ಹೋದ ಮರುದಿನ, ಅವರು ಆಫೀಸಿಗೆ ಬಂದರು. ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಮಾತನಾಡಿದರು. ಕೂರಿ ಎಂದರೆ ಕೂರಲಿಲ್ಲ. ತಮ್ಮ ಇದ್ದ ಭತ್ಯೆಯನ್ನೂ ಬಿಟ್ಟುಕೊಡುವುದಾಗಿ ಇಲಾಖೆಗೆ ಬರೆದು ಹಾಕಿದ್ದರು. ನನಗೆ ಅದರ ಪ್ರತಿ ತೋರಿಸಿದರು. ಅವರು ಅಂದದ್ದು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ: "ಮೂವತ್ತೊಂದು ವರ್ಷ ಹಡಗಿನಂಗಳದಲ್ಲಿ ಕೆಲಸ ಮಾಡಿದೀನಿ ಮೇಡಂ. ಒಂದು ಮೊಳೆ ಮನೆಗೆ ತಂದವನಲ್ಲ. ನಾನು ಕದೀತಾ ಇದೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

ಅಧ್ಯಕ್ಷರ ಎಚ್ಚರಿಕೆಯನ್ನು ಅವರು ಆಪಾದನೆ ಎಂದುಕೊಂಡಿದ್ದರು. ತಾವು ಸಿಕ್ಕಿಬಿದ್ದೆವು, ನೀನು ಹೇಗೋ ಅದನ್ನು ಮುಚ್ಚಿ ಅವರನ್ನು ಹೊರಗೆ ತಂದೆ ಎಂದುಕೊಂಡಿದ್ದರು. ಹಾಗಲ್ಲ ಎಂದು ಒಂದು ಗಂಟೆ ಹೇಳಿದೆ. ತಲೆಯಾಡಿಸಿದರು. "ನೀವು ಹಾಗೇ ಹೇಳ್ಬೇಕಲ್ಲ, ನಿಮ್ಮ ಕೆಲಸ ಅದು" ಅಂದರು. ಮತ್ತೆ ಅರ್ಜಿ ಹಾಕೋಣ ಎಂದು ಎರಡು ಸಲ ಅವರ ಮನೆಗೆ ಹೋದೆ. ಸಹಿ ಹಾಕಲಿಲ್ಲ. ಫೆಬ್ರುವರಿಯಲ್ಲಿ ನ್ಯುಮೋನಿಯಾ ಆಗಿ ಹೋದರು. ಪಕ್ಕದ ಮನೆಯವರು ನೋಡಿದಾಗ ಮನೆ ಬೆಚ್ಚಗಿಡುವ ಗ್ಯಾಸಿನ ಒಲೆ ಹಚ್ಚಿರಲಿಲ್ಲವಂತೆ, ಕೋಟು ಹಾಕಿಕೊಂಡೇ ಮಲಗಿದ್ದರಂತೆ.

ಆಗ ಬೆಥ್‌ಗೆ ಮೂರು ವಾರ. ನಿನಗೆ ಹೇಳುವುದು ಹೇಗೆ? ನೀನು ಕೆಲಸಕ್ಕೆ ಮರಳಲಿ ಎಂದುಕೊಂಡೆ. ಮರಳಿದೆ. ಚೇತರಿಸಿಕೊಳ್ಳಲಿ ಎಂದುಕೊಂಡೆ. ಆಮೇಲೆ ಹೇಳದೆ ಇದ್ದದ್ದನ್ನು ಹೇಗೆ ಹೇಳುವುದು ಎನ್ನುವುದೇ ಒಂದು ಕಾರಣವಾಯಿತು.

ಇಷ್ಟೇ ಆಗಿದ್ದರೆ ನಿನ್ನನ್ನು ಕಾಪಾಡಲು ಸುಮ್ಮನಿದ್ದೆ ಎನ್ನಬಹುದಿತ್ತು. ಹಾಗಲ್ಲ. ಆ ಅಧ್ಯಕ್ಷರು ಆ ಎಚ್ಚರಿಕೆಯನ್ನು ಪ್ರತಿಯೊಂದು ಪ್ರಕರಣದಲ್ಲೂ ಕೊಡುತ್ತಿದ್ದರು. ಬೇರೆಯವರು ಗುಡ್ ಮಾರ್ನಿಂಗ್ ಎನ್ನುವ ಹಾಗೆ. ಅವರ ಮುಂದೆ ನಿಂತು ಅಭ್ಯಾಸವಿದ್ದ ನಾವೆಲ್ಲ "ಮುಂದುವರಿಸೋಣ ಸರ್" ಎಂದು ಕೂತುಬಿಡುತ್ತಿದ್ದೆವು. ನೀನು ಅವರ ಪೀಠದ ಮುಂದೆ ಹೋದದ್ದು ಅದೇ ಮೊದಲು. ನಾನು ನಿನಗೆ ಹೇಳಿರಲಿಲ್ಲ. ಫೈಲಿನಲ್ಲಿ ಆಸ್ಪತ್ರೆಯ ಕಾಗದವಿತ್ತು. ಪರ್ವಿಸ್ ಗೆಲ್ಲುತ್ತಿದ್ದರು. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ.

ಹೇಳಲು ಪುರುಸೊತ್ತು ಇರಲಿಲ್ಲ, ಯಾಕೆಂದರೆ ನಾನು ಏಳು ಗಂಟೆಯ ರೈಲು ಹಿಡಿಯಬೇಕಿತ್ತು. ಹಲ್ಲಿನ ಡಾಕ್ಟರು ಸುಳ್ಳು. ನಾನು ಲಂಡನ್ನಿನಲ್ಲಿ ಇದೇ ಆಯೋಗದ ಮುಂದೆ, ಇದೇ ಹುದ್ದೆಯ ಸಂದರ್ಶನಕ್ಕೆ ಕೂತಿದ್ದೆ. ಸಿಗದಿದ್ದರೆ ಯಾರಿಗೂ ಗೊತ್ತಾಗಬಾರದು ಎಂದು ಆಫೀಸಿಗೆ ಸುಳ್ಳು ಹೇಳಿದ್ದೆ. ಸೋಲುವ ಭಯ ಎಂದು ಬರೆದಿದ್ದೀಯ. ಅದು ಸರಿ.

ಹುದ್ದೆ ಸಿಕ್ಕಿತು. ಆ ಕಾಗದ ಬಂದ ವಾರವೇ ಪರ್ವಿಸ್ ಹೋದರು. ಬೇಡ ಎಂದು ಬರೆದೆ.

ಈಗ ಆಯೋಗ ನನ್ನನ್ನು ಕೇಳುತ್ತಿದೆ: 'ಅಭ್ಯರ್ಥಿಯ ಈ ಉದಾಹರಣೆ ನಿಮಗೆ ತಿಳಿದ ಮಟ್ಟಿಗೆ ನಿಜವೇ?' ನಿಜ ಎಂದು ಬರೆಯಲಾರೆ. ಸುಳ್ಳು ಎಂದರೆ ನಿನ್ನ ಆಸೆ ಅಲ್ಲಿಗೆ ಮುಗಿಯುತ್ತದೆ, ನನ್ನದೇ ತಪ್ಪಿಗೆ. ಅದಕ್ಕೇ ಆ ಒಂದು ಸಾಲು.

ಅಗ್ನೆಸ್


ಸಂಡರ್‌ಲ್ಯಾಂಡ್
26 ಮಾರ್ಚ್ 2024

ಅಗ್ನೆಸ್,

ಓದಿದೆ. ಹೆಚ್ಚು ಬರೆಯಲಾರೆ.

ಆ ಕಾರಿಡಾರಿನಲ್ಲಿ ಕಾಫಿ ಯಂತ್ರದ ಪಕ್ಕ ನಿಂತಿದ್ದೆವು. ಅವರು, "ನಾನು ಸುಳ್ಳು ಹೇಳ್ದೆ ಅಂತಾನಾ ಅವ್ರು ಹೇಳೋದು?" ಅಂದರು. ನಾನು ಅವರ ತೋಳು ಮುಟ್ಟಿ, "ಈಗ ಆ ಮಾತೆಲ್ಲ ಬೇಡ ಮಿಸ್ಟರ್ ಪರ್ವಿಸ್. ಇಲ್ಲಿಗೇ ನಿಲ್ಲಿಸಿದ್ರೆ ಯಾರೂ ಏನೂ ಕೇಳಲ್ಲ" ಅಂದೆ.

ಯಾರೂ ಏನೂ ಕೇಳಲ್ಲ. ಇದನ್ನೇ, ಅಗ್ನೆಸ್, ನಾನು ಅರ್ಜಿಯಲ್ಲಿ 'ಸರಳ ಮಾತು' ಎಂದು ಬರೆದದ್ದು.

ಲೊ.


ವೆಸ್ಟ್ರೇ
4 ಏಪ್ರಿಲ್ 2024

ಲೊರೇನ್,

ನಿನ್ನ ಆ ನಾಲ್ಕು ಸಾಲು ಬಂದಾಗಿನಿಂದ ದಿನವೂ ಹಡಗುಕಟ್ಟೆಗೆ ಹೋಗಿ ಬರುತ್ತಿದ್ದೇನೆ. ಅಂಚೆಯವನು "ಇವತ್ತೂ ಏನಿಲ್ಲ ಅಗ್ನೆಸ್ಸಕ್ಕ, ಯಾರಪ್ಪಾ ನಿಮಗೆ ಬರೆಯೋ ಆ ಮುದುಕ?" ಎಂದು ರೇಗಿಸುತ್ತಾನೆ.

ಬೈದು ಬರೆ. ಏನಾದರೂ ಬರೆ.

ಅಗ್ನೆಸ್


ಸಂಡರ್‌ಲ್ಯಾಂಡ್
8 ಏಪ್ರಿಲ್ 2024

ಅಗ್ನೆಸ್,

ಬೈಯಬೇಕು ಎಂದೇ ಕೂತಿದ್ದೆ. ಆದರೆ ನಿನ್ನೆ ನಡೆದದ್ದನ್ನು ಮೊದಲು ಹೇಳಬೇಕು.

ಉಗ್ರಾಣದಿಂದ ಹಳೆಯ ಫೈಲು ತೆಗೆಸಿದೆ. ಆಸ್ಪತ್ರೆಯ ಕಾಗದ ನೀವು ಹೇಳಿದ ಹಾಗೇ ಇತ್ತು. ನಾಲ್ಕನೆಯ ಹಾಳೆ. ನನ್ನ ಕೈಯಲ್ಲಿ ಅರ್ಧ ಗಂಟೆ ಇತ್ತು, ನಾಲ್ಕನೆಯ ಹಾಳೆಗೆ ಹೋಗಲು ಅಷ್ಟು ಸಾಕಿತ್ತು. ಇದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ, ಇದು ನನ್ನದು. ಕೊನೆಯಲ್ಲಿ ಅವರ ಅಕ್ಕನ ವಿಳಾಸವಿತ್ತು. ಮೇವಿಸ್ ಟೆಂಪರ್ಲಿ, ಸೀಹಮ್. ಬದುಕಿರಲಾರರು ಎಂದು ಒಳಗೊಳಗೇ ಆಶಿಸಿಕೊಂಡು ಭಾನುವಾರ ಮಧ್ಯಾಹ್ನ ಹೋದೆ.

ಬಾಗಿಲು ತೆರೆದವರು ಎಂಬತ್ತು ದಾಟಿದ, ನೆಟ್ಟಗೆ ನಿಂತ ಹೆಂಗಸು. "ಏನಾದ್ರೂ ಮಾರೋಕೆ ಬಂದಿದ್ರೆ ನಂಗೆ ಬೇಡ ಕಣಮ್ಮ. ದೇವರನ್ನ ಮಾರೋಕೆ ಬಂದಿದ್ರೂ ಬೇಡ."

ಹೆಸರು ಹೇಳಿದೆ. ಹನ್ನೊಂದು ವರ್ಷದ ಹಿಂದೆ ನಿಮ್ಮ ತಮ್ಮನ ಜೊತೆ ನ್ಯಾಯಮಂಡಳಿಗೆ ಹೋಗಿದ್ದವಳು ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಹೊಟ್ಟೆ ಮುಂದಿದ್ದ ಹುಡುಗೀನಾ? ಬಾ ಒಳಗೆ, ಬಾ ಮಗಳೇ. ಅವನು ಹೇಳ್ತಿದ್ದ, ಆ ಹುಡುಗಿ ಇಲ್ದೆ ಹೋಗಿದ್ರೆ ನಾನು ಜೈಲು ಸೇರ್ತಿದ್ದೆ ಅಂತ."

ಅಗ್ನೆಸ್, ನಾನು ಆ ಹೊಸಿಲು ದಾಟದೆ ನಿಂತಿದ್ದೆ. ಅವರು ತೋಳು ಹಿಡಿದು ಒಳಗೆ ಕರೆದು ಕೂರಿಸಿ, ಚಹಾ ಮಾಡಿ, ದಪ್ಪನೆಯ ಸ್ಟಾಟಿ ರೊಟ್ಟಿಗೆ ಬೇಯಿಸಿ ಅರೆದ ಬಟಾಣಿ ಹಚ್ಚಿ ತಂದಿಟ್ಟರು. "ತಿನ್ನು. ಕಡ್ಡಿ ಆಗಿದೀಯ. ವಕೀಲರಿಗೆ ಊಟ ಹಾಕಲ್ವಾ ಆ ಆಫೀಸಲ್ಲಿ?"

ನಾನು ತಿಂದೆ. ಒಂದು ತುಂಡು ನಿಜವಾಗಿಯೂ ತಿಂದೆ, ಹೇಳುವುದನ್ನು ಒಂದು ನಿಮಿಷವಾದರೂ ಮುಂದೂಡಲು. ಆಮೇಲೆ ಹೇಳಿದೆ. ನಿಮ್ಮ ತಮ್ಮ ಯಾವ ತಪ್ಪೂ ಮಾಡಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ನ್ಯಾಯವಾಗಿ ಬರುತ್ತಿತ್ತು, ಇನ್ನೂ ಹೆಚ್ಚು ಬರಬೇಕಿತ್ತು. ಅವರನ್ನು ಯಾರೂ ಕಳ್ಳ ಎನ್ನಲಿಲ್ಲ. ಎಲ್ಲರಿಗೂ ಹೇಳುವ ಒಂದು ಮಾತನ್ನು ಅವರಿಗೂ ಹೇಳಿದರು. ನನಗೆ ಅದು ಗೊತ್ತಿರಲಿಲ್ಲ, ನಾನು ಹೆದರಿ ಅವರನ್ನೂ ಹೆದರಿಸಿದೆ.

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ.

ಅವರು ಚಹಾದ ಕಪ್ಪನ್ನು ಕೆಳಗಿಡಲು ಹೋದರು, ತಟ್ಟೆ ಎಲ್ಲಿದೆ ಎಂದು ಕಾಣಲಿಲ್ಲ ಎನಿಸುತ್ತದೆ. ನಾನು ತೆಗೆದುಕೊಳ್ಳಲು ಕೈ ಚಾಚಿದೆ. "ಮುಟ್ಬೇಡ" ಅಂದರು.

ಆಮೇಲೆ ಮಾತನಾಡಿದರು, ನನ್ನ ಜೊತೆಯಲ್ಲ, ಎದುರಿನ ಖಾಲಿ ಕುರ್ಚಿಯ ಜೊತೆ. "ಆ ಕ್ರಿಸ್‌ಮಸ್‌ಗೆ ಅವನು ಬಂದಿದ್ದ. ಒಂದು ಬಾಟ್ಲಿ ಶೆರಿ ವೈನ್ ತಂದಿದ್ದ. ನಂಗೆ ಅವನೇ ಎಲ್ಲ ಹೇಳಿದ್ದ, ಬಾಯಿ ಮುಚ್ಕೊಂಡಿರಕ್ಕೆ ಬರ್ತಿರ್ಲಿಲ್ಲ ಅವನಿಗೆ. ನಾನು ಈ ಬಾಗ್ಲಲ್ಲೇ ನಿಂತು, ಕಳ್ಳನ ಜೊತೆ ನಾನು ಊಟಕ್ಕೆ ಕೂರಲ್ಲ ಅಂದೆ. ಅವನು ಶೆರಿ ಮೆಟ್ಲ ಮೇಲಿಟ್ಟು ಹೋದ. ಆರು ವಾರ ಆಯ್ತು, ಹೋಗೇಬಿಟ್ಟ."

ಅಲ್ಲಿ ಅಳುವ ಹಕ್ಕು ನನಗಿರಲಿಲ್ಲ.

"ಈಗ ಹೋಗು" ಅಂದರು. "ರೊಟ್ಟಿ ತಗೊಂಡು ಹೋಗು. ಅದು ಇಲ್ಲಿರೋದು ಬೇಡ."

ಅದನ್ನು ಕಾರಿನ ಪಕ್ಕದ ಸೀಟಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಈಗ ಬೈಗುಳ. ನೀವು ಮೌನವಾಗಿದ್ದದ್ದರಿಂದ ನಾನು ಹನ್ನೊಂದು ವರ್ಷ ಹೆಮ್ಮೆಪಟ್ಟೆ. ಅದನ್ನಾದರೂ ಕ್ಷಮಿಸಬಹುದು. ಆ ಹೆಂಗಸು ಹನ್ನೊಂದು ವರ್ಷ ತನ್ನ ತಮ್ಮ ಕಳ್ಳ ಎಂದುಕೊಂಡಿದ್ದರು. ನಿಮಗೆ ಅವರ ವಿಳಾಸ ಗೊತ್ತಿತ್ತು. ನೀವು ಹುದ್ದೆ ಬೇಡ ಎಂದಿರಿ, ಅದನ್ನು ಯಾರಿಗೂ ಹೇಳಲಿಲ್ಲ. ಸೀಹಮ್‌ಗೆ ಬಸ್ಸು ಹತ್ತಿದ್ದರೆ ಸಾಕಿತ್ತು.

ಆಯೋಗಕ್ಕೆ ಇನ್ನು ಹನ್ನೊಂದು ದಿನವಿದೆ. ಅರ್ಜಿ ಹಿಂತೆಗೆದುಕೊಳ್ಳುವ ಫಾರಂ ನನ್ನ ಮುಂದಿದೆ. ಹಿಂತೆಗೆದುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಈ ಮಾತು ಮನಸ್ಸಿಗೆ ಬಂದ ಕೂಡಲೇ ಪೆನ್ನು ಕೆಳಗಿಟ್ಟೆ. ಅವರಿಗೆ ನಿಮ್ಮ ಹೆಸರನ್ನೇ ಮತ್ತೆ ಕಳಿಸಿದ್ದೇನೆ. ಪರ್ವಿಸ್ ಅವರ ವಿಷಯ ಪೂರ್ತಿ ಬರೆಯಿರಿ, ನನ್ನದೂ ನಿಮ್ಮದೂ. ಈ ಸಲ ನಿರಾಕರಿಸಬೇಡಿ.

ಲೊರೇನ್


ವೆಸ್ಟ್ರೇ
15 ಏಪ್ರಿಲ್ 2024

ಲೊರೇನ್,

ಇವತ್ತು ಕಳಿಸಿದೆ. ಇದನ್ನು ಅಭ್ಯರ್ಥಿಗೆ ತೋರಿಸುವ ಪದ್ಧತಿ ಇಲ್ಲ. ಆದರೂ ನಿನಗೆ ತಿಳಿಯದ ಹಾಗೆ ನಿನ್ನ ಬಗ್ಗೆ ಇನ್ನೊಂದು ಅಕ್ಷರ ಬರೆಯಲು ನನಗೆ ಮನಸ್ಸಿಲ್ಲ. ಪರ್ವಿಸ್ ಬಗೆಗಿನ ಭಾಗ ಹೀಗಿದೆ:

'ಈ ಉದಾಹರಣೆಯಲ್ಲಿ ಹೇಳಿದ ಘಟನೆಗಳು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಕಕ್ಷಿದಾರರು ಗೆಲ್ಲುವಂಥ ಪ್ರಕರಣವನ್ನು ಕೈಬಿಟ್ಟರು, ತಮ್ಮನ್ನು ಅಪರಾಧಿ ಎಂದು ನಂಬಿ ಇದ್ದದ್ದನ್ನೂ ಬಿಟ್ಟರು, ಮೂರು ತಿಂಗಳಲ್ಲಿ ತೀರಿಕೊಂಡರು. ಅಭ್ಯರ್ಥಿಗೆ ಇದು ಅರ್ಜಿ ಹಾಕುವಾಗ ತಿಳಿದಿರಲಿಲ್ಲ, ಏಕೆಂದರೆ ನಾನು ತಿಳಿಸಿರಲಿಲ್ಲ. ಆ ಪೀಠದ ಪದ್ಧತಿ ನನಗೆ ಗೊತ್ತಿತ್ತು, ಆ ದಿನ ನಾನು ಸುಳ್ಳು ಹೇಳಿ ಗೈರುಹಾಜರಾಗಿದ್ದೆ. ಇದು ತಿಳಿದ ಎರಡು ವಾರದೊಳಗೆ ಅಭ್ಯರ್ಥಿ ತೀರಿಕೊಂಡವರ ಅಕ್ಕನ ಮನೆಗೆ ಹೋಗಿ ತಾನೇ ಎಲ್ಲ ಹೇಳಿದಳು. ನಾನು ಹನ್ನೊಂದು ವರ್ಷ ಹೋಗಿರಲಿಲ್ಲ.'

ನಾನು ಹುದ್ದೆ ಬೇಡ ಎಂದದ್ದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಅದರಿಂದ ಯಾರಿಗೆ ಏನು ಸಿಕ್ಕಿತು ಎಂದು ಯೋಚಿಸಿಯೇ ಇರಲಿಲ್ಲ. ಮಿಸೆಸ್ ಟೆಂಪರ್ಲಿಗೆ ಇವತ್ತೇ ಬರೆದಿದ್ದೇನೆ. ಆರು ಪುಟವಾಯಿತು.

ಅಗ್ನೆಸ್


ಸಂಡರ್‌ಲ್ಯಾಂಡ್
2 ಡಿಸೆಂಬರ್ 2024

ಪ್ರೀತಿಯ ಅಗ್ನೆಸ್,

ಎಂಟು ತಿಂಗಳು ನಿಮಗೆ ಬರೆಯಲಿಲ್ಲ. ಸಿಟ್ಟು ಇಳಿದಿತ್ತು, ಆದರೆ ಬರೆಯಲು ಕೂತರೆ ಏನೂ ಬರುತ್ತಿರಲಿಲ್ಲ.

ಜುಲೈಯಲ್ಲಿ ಸಂದರ್ಶನವಾಯಿತು. ಮೂವರಿದ್ದರು. ನಿಮ್ಮ ಕಾಗದ ಮುಂದೆ ಇತ್ತು, ಮೊದಲ ಪ್ರಶ್ನೆಯೇ ಅದು. ಒಂದು ವಿಷಯವನ್ನೂ ಬಿಡದೆ ಹೇಳಿದೆ, ನಾಲ್ಕನೆಯ ಹಾಳೆಯ ವಿಷಯವನ್ನೂ. ಪಕ್ಕದಲ್ಲಿ ಕೂತಿದ್ದ ಗಡ್ಡದವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡು ಹೊರಗೆ ಬಂದೆ, ಸ್ಟೇಷನ್ನಿನಲ್ಲಿ ಅಮ್ಮನಿಗೆ ಫೋನ್ ಮಾಡಿ "ಇನ್ನು ಎದ್ದು ನಿಲ್ಲೋದು ಬೇಡ, ಆರಾಮಾಗಿ ಕೂತ್ಕೋ" ಅಂದೆ.

ಹೋದ ಮಂಗಳವಾರ ಫಲಿತಾಂಶ ಬಂತು. ಆಯ್ಕೆಯಾಗಿದೆ. ಜೊತೆಗೆ ಅವರ ಟಿಪ್ಪಣಿ: 'ಪರ್ವಿಸ್ ಪ್ರಕರಣದ ಬಗ್ಗೆ ಅಭ್ಯರ್ಥಿಯ ಪ್ರಾಮಾಣಿಕ ವಿಮರ್ಶೆ ನಮ್ಮ ನಿರ್ಧಾರದಲ್ಲಿ ಮುಖ್ಯವಾಯಿತು.' ಅಡುಗೆಮನೆಯಲ್ಲಿ ನಿಂತು ಓದಿದವಳು ಅದನ್ನು ಮೇಜಿನ ಮೇಲೆ ಮಗುಚಿಟ್ಟೆ. ಒಮ್ಮೆ ಪರ್ವಿಸ್ ಅವರನ್ನು ನನ್ನ ಜಾಣತನದ ಉದಾಹರಣೆಯಾಗಿ ಬಳಸಿದ್ದೆ. ಈಗ ನನ್ನ ಪ್ರಾಮಾಣಿಕತೆಯ ಉದಾಹರಣೆಯಾದರು. ಎರಡು ಸಲವೂ ನನಗೇ ಲಾಭ. ಬೇಡ ಎಂದು ಉತ್ತರ ಬರೆದು, ಅದನ್ನು ಚೀಲದಲ್ಲಿಟ್ಟುಕೊಂಡು ನಿನ್ನೆ ಸೀಹಮ್‌ಗೆ ಹೋದೆ.

ಮಿಸೆಸ್ ಟೆಂಪರ್ಲಿಯನ್ನು ಏಪ್ರಿಲ್ ನಂತರ ನೋಡಿರಲಿಲ್ಲ. ಬಾಗಿಲು ತೆರೆದು, ನೋಡಿ, ಬಾಗಿಲನ್ನು ಹಾಗೇ ಬಿಟ್ಟು ಒಳಗೆ ಹೋದರು. ನಾನೂ ಹೋದೆ.

"ಆ ದ್ವೀಪದ ಹೆಂಗಸು ಆರು ಪುಟ ಬರ್ದಿದಾಳೆ" ಅಂದರು. "ಅಕ್ಷರ ಚೆನ್ನಾಗಿದೆ. ಉತ್ರ ಬರಿಯಲ್ಲ ಅಂತ ಹೇಳು."

ಈಗ ನಿಮಗೆ ಹೇಳಿದ್ದೇನೆ.

ನಾನು ಎರಡೂ ಕಾಗದಗಳನ್ನು, ಆಯೋಗದ್ದನ್ನೂ ನನ್ನದನ್ನೂ, ಮೇಜಿನ ಮೇಲಿಟ್ಟೆ. ಕನ್ನಡಕ ಹುಡುಕಿ, ಹಾಕಿಕೊಂಡು, ಪೂರ್ತಿ ಓದಿದರು. ಅವಸರವಿರಲಿಲ್ಲ.

"ಬೇಡ ಅಂತ ಬರ್ದಿದೀಯ."

"ಹೌದು."

"ಯಾಕೆ?"

"ನನಗೆ ಅದನ್ನ ತಗೊಳ್ಳೋ ಯೋಗ್ಯತೆ ಇಲ್ಲ ಮಿಸೆಸ್ ಟೆಂಪರ್ಲಿ."

"ಇಲ್ಲ" ಅಂದರು, ತೀರ ಸಹಜವಾಗಿ. "ಅವಳೂ ಬೇಡ ಅಂದ್ಲಂತಲ್ಲ, ಆ ಆರು ಪುಟದೋಳು. ಅದ್ರಿಂದ ನನ್ ತಮ್ಮಂಗೆ ಏನ್ ಬಂತು? ನಂಗೇನ್ ಬಂತು? ನಿಮ್ಮಿಬ್ರಿಗೂ ಬೇಡ ಅನ್ನೋದು ಬಹಳ ಸಲೀಸು ನೋಡು."

ಅವರು ನನ್ನ ಕಾಗದವನ್ನು ಮಡಚಿದರು, ಹರಿಯಲಿಲ್ಲ, ಮಡಚಿ ತಮ್ಮ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು.

"ಆ ವಿಚಾರಣೆ ಕೋಣೆ ಒಳಗೆ ಯಾರು ಬೇಕಾದ್ರೂ ಬರ್ಬಹುದಾ?"

"ಬರಬಹುದು. ಬಹಿರಂಗ ವಿಚಾರಣೆ ಅದು. ಯಾರೂ ಬರಲ್ಲ, ಅಷ್ಟೆ."

"ಕೂರೋಕೆ ಕುರ್ಚಿ ಇರತ್ತಾ?"

"ಹಿಂದೆ ಎರಡು ಮೂರು ಇರತ್ತೆ."

"ಮುಂದೆ ಹಾಕ್ಸು. ನನ್ ಕಣ್ಣಿಗೆ ನಿನ್ ಮುಖ ಸರಿಯಾಗಿ ಕಾಣ್ಬೇಕು."

"ಮಿಸೆಸ್ ಟೆಂಪರ್ಲಿ..."

"ಒಂದಿನ ಅಲ್ಲ. ನೀನು ಕೂತ ದಿನ ಎಲ್ಲ ಬರ್ತೀನಿ. ನಂಗೆ ಮನೇಲಿ ಏನ್ ಕೆಲ್ಸ ಇದೆ?" ಎದ್ದು ಹೋಗಿ ಕೆಟಲ್ ಹಾಕಿದರು. ನನಗೆ ಬೆನ್ನು ಮಾಡಿಕೊಂಡೇ ಕೇಳಿದರು, "ಎಷ್ಟ್ ಗಂಟೆಗೆ ಶುರು ಮಾಡ್ತೀರಿ?"

"ಹತ್ತಕ್ಕೆ."

"ಹಾಗಾದ್ರೆ ಎಂಟೂವರೆ ಬಸ್ಸು" ಅಂದರು.

ಹುದ್ದೆಯನ್ನು ಒಪ್ಪಿಕೊಂಡು ಇವತ್ತು ಬೆಳಿಗ್ಗೆ ಬರೆದೆ. ಮೊದಲ ವಿಚಾರಣೆ ಫೆಬ್ರುವರಿಯಲ್ಲಿ.

ನಿಮ್ಮ
ಲೊರೇನ್